ಮೂರು ಪೆಟ್ಟು

ಬ್ಯಾಡಗಿ
8-1-1990

ಮಗಳು ಮುಮ್ತಾಜಳಿಗೆ ನಿನ್ನ ಅಬ್ಬಾ ಮಕ್ತುಮಸಾಬನ ದುಆ.

ನಾನೂ ನಿನ್ನ ಅಮ್ಮ ಹಾಜಿರಾಬಿಯೂ ಆರಾಮ ಇದ್ದೇವೆ ಎಂದು ಬರೆಯುವುದು ರೂಢಿ. ನಿನ್ನ ಅಮ್ಮ ಆರಾಮ ಇದ್ದಾಳೆ.

ಈ ಪತ್ರಕ್ಕೆ ಕೂತಿದ್ದು ಇದು ಮೂರನೆಯ ಸಲ. ಎರಡು ಇನ್‌ಲ್ಯಾಂಡ್ ಹಾಳಾದವು. ಒಂದು ಸಾಲು ಬರೆದು ಗೋದಾಮಿನ ಗೇಟಿಗೆ ಹೋಗುತ್ತೇನೆ, ಯಾವ ಲಾರಿಯೂ ಬಂದಿರುವುದಿಲ್ಲ, ತಿರುಗಿ ಬಂದು ಕೂರುತ್ತೇನೆ. ಮೆಣಸಿನಕಾಯಿ ಚೀಲ ಹೊರುವ ಹಮಾಲರು "ಚಾಚಾನ ಅಂಗ್ಯಾಗ ಇರವಿ ಬಿಟ್ಟಾರೇನ?" ಎಂದು ನಗುತ್ತಾರೆ. ನಗಲಿ.

ರಾಣೆಬೆನ್ನೂರಿಗೆ ಮುಕ್ಕಾಲು ತಾಸಿನ ಬಸ್ಸು. ಆದರೂ ಹದಿನಾಲ್ಕು ತಿಂಗಳಿಂದ ನಿನ್ನ ಮುಖ ನೋಡಿಲ್ಲ. "ಎತ್ತು ಮಾರಿದ ಮನ್ಯಾಗ ನಾ ಕಾಲಿಡೂದಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಬಂದವನು ನಾನೇ. ಇಪ್ಪತ್ತು ವರ್ಷ ದಿಮ್ಮಿ ಎಳೆಸಿದವನು ನಾನು. ನಿನ್ನ ಗಂಡ ಗೌಸನಿಗೆ ಆ ಕೆಲಸ ಕಲಿಸಿದ್ದೂ ನಾನು. ಅವನು ನನ್ನ ಕೈಯಿಂದ ತೆಗೆದುಕೊಂಡ ಜೋಡೆತ್ತು ಮಾರಿ, ಆಟಿಕೆಯಂಥ ಸಣ್ಣ ಟ್ರ್ಯಾಕ್ಟರ್ ತಂದಾಗ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ. ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ.

ಹಾವೇರಿಯ ಸಾಮಿಲ್ಲಿನ ಕರಬಸಪ್ಪ ಮೊನ್ನೆ ಸಿಕ್ಕಿದ್ದ. ಗೌಸ ಈಗ ಅದೇ ಟ್ರ್ಯಾಕ್ಟರಿನಲ್ಲಿ ದಿಮ್ಮಿ ಎಳೆಯುತ್ತಾನೆ ಎಂದ. ನನಗೆ ಒಂದೇ ಒಂದು ವಿಷಯ ಬೇಕು. ಅವನು ಟ್ರ್ಯಾಕ್ಟರಿನ ಹಿಂದೆ ಸರಪಳಿಯನ್ನು ಎಲ್ಲಿ ಕಟ್ಟುತ್ತಾನೆ? ಮೇಲೋ, ಕೆಳಗೋ? ನೀನೇ ಹೋಗಿ ಕಣ್ಣಾರೆ ನೋಡಿ ಬರೆ. ಅವನನ್ನು ಕೇಳಬೇಡ.

ಯಾಕೆಂದರೆ ದೀಪಾವಳಿಯ ಹಿಂದಿನ ವಾರ ಇಲ್ಲಿ ಡಾಕಪ್ಪ ಎಂಬ ಡ್ರೈವರ್ ಸತ್ತ. ಅವನದೂ ಸಣ್ಣ ಟ್ರ್ಯಾಕ್ಟರೇ. ನಮ್ಮ ಗೋದಾಮಿನ ಹಿಂದೆ ಕಡಿದು ಕೆಡವಿದ್ದ ಬೇವಿನ ದಿಮ್ಮಿ ಎಳೆಯುವಾಗ ಮುಂದಿನ ಗಾಲಿ ಎದ್ದು, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಅವನ ಮೇಲೇ ಬಿತ್ತು. ಸರಪಳಿ ಮೇಲೆ ಕಟ್ಟಿತ್ತು. ಅವನು ಕುಡಿದಿದ್ದ ಎಂದು ಮಾರ್ಕೆಟ್ ಯಾರ್ಡಿನಲ್ಲಿ ಮಾತಾಡುತ್ತಾರೆ. ಅವನ ಹೆಂಡತಿ ಮಂಗಳವ್ವ ನಮ್ಮಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುತ್ತಾಳೆ. ದಿನಾ ಬೆಳಿಗ್ಗೆ ಗೇಟು ತೆಗೆಯುವವನು ನಾನು. "ಆರಾಮ ಅದೀರೇನ್ರಿ ಚಾಚಾ?" ಎಂದು ಕೇಳಿ ಒಳಗೆ ಹೋಗುತ್ತಾಳೆ. ನಾನು ಹೂಂ ಎನ್ನುತ್ತೇನೆ.

ಬೇಗ ಬರೆ.

ನಿನ್ನ ಅಬ್ಬಾ
ಮಕ್ತುಮಸಾಬ


ರಾಣೆಬೆನ್ನೂರು
19-1-1990

ಅಬ್ಬಾ ಅವರಿಗೆ ಮುಮ್ತಾಜಳ ಸಲಾಂ.

ಹದಿನಾಲ್ಕು ತಿಂಗಳ ಮೇಲೆ ಪತ್ರ ಬಂತು. ಒಡೆದು ನೋಡಿದರೆ ಮಗಳು ಹೇಗಿದ್ದಾಳೆ ಎಂದಿಲ್ಲ, ಸರಪಳಿ ಹೇಗಿದೆ ಎಂದಿದೆ. ಇರಲಿ. ನಾನು ಆರಾಮ ಇದ್ದೇನೆ. ಸರಪಳಿಯೂ ಆರಾಮ ಇದೆ.

ನೀವು ಹೇಳಿದಂತೆ ಬುತ್ತಿ ಕೊಡುವ ನೆಪದಲ್ಲಿ ಹೊಲಕ್ಕೆ ಹೋಗಿ ನೋಡಿದೆ. ಸೀಟಿನ ಹಿಂದೆ, ನನ್ನ ಸೊಂಟದ ಎತ್ತರಕ್ಕೆ ಒಂದು ಕಬ್ಬಿಣದ ಕಿವಿ ಇದೆ. ಸರಪಳಿ ಅಲ್ಲಿಗೇ ಕಟ್ಟುತ್ತಾರೆ. ದಿಮ್ಮಿಯ ಮೂತಿ ನೆಲ ಬಿಟ್ಟು ಮೇಲೆ ಏಳುತ್ತದೆ, ಹಿಂದಿನ ತುದಿಯಷ್ಟೇ ನೆಲಕ್ಕೆ ಉಜ್ಜುತ್ತದೆ. ನೋಡಲು ಬಲು ಸಲೀಸು.

ಕೇಳಬೇಡ ಎಂದಿರಿ. ಆದರೆ ನಾನು ಸುಮ್ಮನೆ ನಿಂತು ನೋಡುವುದನ್ನು ನೋಡಿ ಅವರೇ ನಕ್ಕರು. "ಯಾಕ, ಅಬ್ಬಾ ಕಳಸ್ಯಾರೇನ? ಅವರು ಕಲಿಸಿದ್ದನ್ನ ಮಾಡಾಕತ್ತೇನಿ ಅಂತ ಹೇಳು. ಸರಪಳಿ ನೊಗದೆತ್ತರ ಇರಬೇಕು, ಮೂತಿ ಎತ್ತಿದ್ರ ದಿಮ್ಮಿ ಹಗುರ. ಯಾರ ಮಾತಿದು?" ಎಂದರು. ನಿಮ್ಮದೇ ಮಾತು, ಅಬ್ಬಾ. ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ.

ನಿಮ್ಮ ಮೂರು ಪೆಟ್ಟನ್ನೂ ಅವರು ಬಿಟ್ಟಿಲ್ಲ. ಸರಪಳಿ ಕಟ್ಟಿದವನು ಹಾರೆಯಿಂದ ದಿಮ್ಮಿಗೆ ಮೂರು ಪೆಟ್ಟು ಹೊಡೆಯಬೇಕು, ಆಮೇಲೇ ಎತ್ತು ಹೊಡೆಯಬೇಕು. ಕಟ್ಟಿದ್ದು ಸರಿ ಇದೆ, ಇದಕ್ಕೆ ನಾನು ಜಾಮೀನು ಎಂದು ಅದರ ಅರ್ಥ ಎಂದು ಹೇಳುತ್ತಿದ್ದಿರಲ್ಲ. ಈಗ ಕಟ್ಟುವವರೂ ಅವರೇ, ಓಡಿಸುವವರೂ ಅವರೇ. ಇಳಿದು ಮೂರು ಪೆಟ್ಟು ಹೊಡೆದು, ಹಾರೆ ಬದಿಗಿಟ್ಟು, ಹತ್ತಿ ಕೂರುತ್ತಾರೆ. ತನಗೆ ತಾನೇ ಜಾಮೀನು.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ದಿಮ್ಮಿ ಒಂದು ಕಡೆ ತಡೆದಾಗ ಮುಂದಿನ ಗಾಲಿಗಳು ನಾಲ್ಕು ಬೆರಳು ಮೇಲೆದ್ದವು. ಆಮೇಲೆ ಇಳಿದವು.

ಗಳಗನಾಥದ ಹೊಳೆದಂಡೆಯ ಒಂದು ತೋಟದಲ್ಲಿ ಹಳೆಯ ಹುಣಸೆಮರಗಳನ್ನು ಕಡಿದಿದ್ದಾರೆ. ಹನ್ನೊಂದು ದಿಮ್ಮಿ. ಇಳಿಜಾರಿನಿಂದ ಮೇಲಿನ ದಾರಿಗೆ ಎಳೆದು ತರುವ ಕೆಲಸ ಇವರಿಗೇ ಸಿಕ್ಕಿದೆ. ಯುಗಾದಿಯೊಳಗೆ ಎಲ್ಲ ಹಾವೇರಿಯ ಸಾಮಿಲ್ಲಿಗೆ ಮುಟ್ಟಬೇಕು.

ನಿಮ್ಮ ಮಗಳು
ಮುಮ್ತಾಜ


ಬ್ಯಾಡಗಿ
22-1-1990

ಅಳಿಯ ಮಹಮ್ಮದಗೌಸನಿಗೆ ಮಕ್ತುಮಸಾಬನ ಸಲಾಂ.

ನೀನು ನಗುವೆ ಎಂದು ಗೊತ್ತು. ನಕ್ಕು ಮುಗಿಸಿ ಮುಂದೆ ಓದು.

ನಾನು ಕಲಿಸಿದ್ದು ಎತ್ತಿನ ವಿದ್ಯೆ. ಎತ್ತಿಗೆ ಬುದ್ಧಿ ಇದೆ. ದಿಮ್ಮಿ ಬೇರಿಗೆ ಸಿಕ್ಕಿತೆಂದರೆ ನಿಲ್ಲುತ್ತದೆ, ಬಾರುಕೋಲಿನಿಂದ ಹೊಡೆದರೂ ನಿಲ್ಲುತ್ತದೆ. ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ದಿಮ್ಮಿ ಬರದಿದ್ದರೆ ಅದು ತನ್ನನ್ನೇ ಎತ್ತಿಕೊಳ್ಳುತ್ತದೆ. ಸರಪಳಿ ಹಿಂದಿನ ಗಾಲಿಯ ಅಚ್ಚಿಗಿಂತ ಮೇಲಿದ್ದರೆ ಸರಪಳಿ ಹಿಂದಕ್ಕೆ ಜಗ್ಗುತ್ತದೆ, ಟ್ರ್ಯಾಕ್ಟರಿನ ಮೂತಿ ಆಕಾಶ ನೋಡುತ್ತದೆ. ನಿನ್ನದು ಸಣ್ಣ ಟ್ರ್ಯಾಕ್ಟರ್, ಮುಂದೆ ಭಾರವೇ ಇಲ್ಲ. ಒಂದು, ಎರಡು ಎನ್ನುವಷ್ಟರಲ್ಲಿ ಮುಗಿಯುತ್ತದೆ. ಮೂರು ಎನ್ನಲು ಆಗುವುದಿಲ್ಲ.

ಆದ್ದರಿಂದ ಸರಪಳಿಯನ್ನು ಅಚ್ಚಿನ ಕೆಳಗಿರುವ ಪಟ್ಟಿಗೇ ಕಟ್ಟು. ಮೊಣಕಾಲೆತ್ತರ, ಅದಕ್ಕಿಂತ ಮೇಲಲ್ಲ. ದಿಮ್ಮಿಯ ಮೂತಿ ನೆಲಕ್ಕೆ ನಾಟುತ್ತದೆ ಎನ್ನುವೆ. ಬಾಚಿಯಿಂದ ಹೊಡೆದು ಮೂತಿಯನ್ನು ದುಂಡಗೆ ಮಾಡು. ಹಳೆಯ ಡಾಂಬರ್ ಡ್ರಮ್ಮು ಒಡೆದು, ತಗಡು ಬಗ್ಗಿಸಿ ಮೂತಿಯ ಕೆಳಗೆ ಕೊಡು, ಜಾರುತ್ತದೆ. ಟ್ರ್ಯಾಕ್ಟರಿನ ಮುಂದೆ ಒಂದು ಕ್ವಿಂಟಲ್ ಕಬ್ಬಿಣ ಬಿಗಿ. ಮೊದಲು ಸರಪಳಿಯ ಸಡಿಲು ತೆಗೆದುಕೊಂಡು ಮೆಲ್ಲಗೆ ಎಳೆ, ಜಗ್ಗಬೇಡ. ಇಳಿಜಾರಿಗೆ ಅಡ್ಡ ಎಳೆಯಬೇಡ, ನೆಟ್ಟಗೆ ಎಳೆ. ಸರಪಳಿಯ ಹತ್ತಿರ ಯಾರನ್ನೂ ನಿಲ್ಲಿಸಬೇಡ. ಮುಂದಿನ ಗಾಲಿ ಒಂದು ಬೆರಳು ಎದ್ದರೂ ಕ್ಲಚ್ ಒತ್ತು.

ಇದನ್ನೆಲ್ಲ ಎಲ್ಲಿಂದ ಕಲಿತಿರಿ ಎಂದು ಕೇಳಬೇಡ. ಇಲ್ಲಿಯ ಗ್ಯಾರೇಜಿನ ಮಿಸ್ತ್ರಿಯ ಮುಂದೆ ಎರಡು ತಿಂಗಳು ಕೂತು ಕೇಳಿದ್ದೇನೆ. "ಚಾಚಾ, ಈ ವಯಸ್ಸಿನ್ಯಾಗ ಲೈಸನ್ಸ್ ತಗೋತೀರೇನು?" ಎಂದು ಅವನೂ ನಗುತ್ತಾನೆ.

ಮಕ್ತುಮಸಾಬ


ರಾಣೆಬೆನ್ನೂರು
10-2-1990

ಅಬ್ಬಾ ಅವರಿಗೆ ಸಲಾಂ.

ನಿಮ್ಮ ಪತ್ರವನ್ನು ಇವರು ಎರಡು ಸಲ ಓದಿದರು. ಮೊದಲ ಸಲ ನಗುತ್ತ, ಎರಡನೆಯ ಸಲ ಸುಮ್ಮನೆ. ಮರುದಿನ ಗಳಗನಾಥಕ್ಕೆ ಹೋಗಿ ಸರಪಳಿಯನ್ನು ಕೆಳಗೇ ಕಟ್ಟಿದರು. ನನಗೆ ಖುಷಿಯಾಗಿತ್ತು. ಆದರೆ ಹೊಳೆದಂಡೆಯದು ಎರೆಮಣ್ಣು, ಇನ್ನೂ ಹಸಿ. ಡ್ರಮ್ಮಿನ ತಗಡು ಇನ್ನೂ ಸಿಕ್ಕಿರಲಿಲ್ಲ. ದಿಮ್ಮಿಯ ಮೂತಿ ಮೊಳದಷ್ಟು ನೆಲದಲ್ಲಿ ಹೂತು, ಹಾರೆ ಹಾಕಿ ಎತ್ತಿ ಎತ್ತಿ ಮಧ್ಯಾಹ್ನವಾಯಿತು. ಸಿಟ್ಟಿನಿಂದ ತಿರುಗಿ ಮೇಲೆ ಕಟ್ಟಿದರು. ಆರು ದಿಮ್ಮಿ ಹಾಗೇ ಎಳೆದರು. ಆರೂ ಬಂದವು.

ಅದಕ್ಕೇ ಈಗ ಮಾತು ಕೇಳುತ್ತಿಲ್ಲ. ಐದನೆಯ ದಿಮ್ಮಿಗೆ ಮುಂದಿನ ಗಾಲಿಗಳು ಒಂದು ಗೇಣು ಎದ್ದವು. ನಾನು ಅಲ್ಲೇ ಇದ್ದೆ. ಅವರು ಇಳಿದು ಬಂದು, "ಅದಕ್ಕೂ ತಿಳೀತೈತಿ, ನಿನಗ ಸಲಾಂ ಮಾಡಾಕತ್ತೈತಿ" ಎಂದರು. ನಾನು ಬುತ್ತಿಯ ಡಬ್ಬಿಯನ್ನು ಅಲ್ಲೇ ಒಗೆದು ಬಂದೆ. ಎರಡು ದಿನ ಮಾತು ಬಿಟ್ಟೆ.

ನಿಮಗೆ ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ಅವರ ಮಾತಿನಲ್ಲೇ ಬರೆಯುತ್ತೇನೆ. "ಬ್ಯಾಡಗ್ಯಾಗ ಡಾಕಪ್ಪನ ಸರಪಳಿ ಕಟ್ಟಿದವ ಯಾರು? ಮೂರು ಪೆಟ್ಟು ಬಡದವ ಯಾರು? ಅಂವಾ ಹೇಳ್ಲಿ, ಮ್ಯಾಲ ಕಟ್ಟಿದ್ದಕ್ಕ ಹಿಂಗಾತು ಅಂತ. ಆಗ ನಂಬ್ತೇನಿ. ಗ್ಯಾರೇಜಿನ ಮಾತ ಬ್ಯಾಡ."

ಯಾರು ಅಬ್ಬಾ? ಅವನನ್ನು ಕೇಳಿ ಬರೆಯಿರಿ.

ಮುಮ್ತಾಜ


ಬ್ಯಾಡಗಿ
13-2-1990

ಮುಮ್ತಾಜಳಿಗೆ ದುಆ.

ಕಟ್ಟಿದವನು ಯಾರಾದರೆ ನಿನ್ನ ಗಂಡನಿಗೇನು? ಬ್ಯಾಡಗಿಯಲ್ಲಿ ಸರಪಳಿ ಕಟ್ಟುವವರು ಹತ್ತು ಜನ ಇದ್ದಾರೆ. ಅವತ್ತು ಗದ್ದಲದಲ್ಲಿ ಯಾರು ಏನು ಮಾಡಿದರೋ ಯಾರಿಗೆ ಗೊತ್ತು. ಡಾಕಪ್ಪ ಕುಡಿದಿದ್ದನಂತೆ. ಎಲ್ಲರೂ ಹಾಗೇ ಹೇಳುತ್ತಾರೆ. ಸರಪಳಿ ಕೆಳಗೆ ಕಟ್ಟಲು ಹೇಳು. ಅಷ್ಟು ಸಾಕು. ಗೇಟಿನಲ್ಲಿ ಲಾರಿ ನಿಂತಿದೆ.

ಅಬ್ಬಾ


ರಾಣೆಬೆನ್ನೂರು
24-2-1990

ಅಬ್ಬಾ ಅವರಿಗೆ ಸಲಾಂ.

ನೀವು ಆ ಕಾರ್ಡು ಬರೆಯಬಾರದಿತ್ತು.

ಇವರು ಓದಿ, ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನೋಡ್ ಮತ್ತ. ಕುಡದಿದ್ದನಂತ. ನಾ ಕುಡಿಯಂಗಿಲ್ಲ. ಮುಗೀತಲ್ಲ?" ಎಂದರು. ಅಷ್ಟೇ. ಅವರ ಮನಸ್ಸಿನಲ್ಲಿ ಸ್ವಲ್ಪ ಅಂಜಿಕೆ ಹುಟ್ಟಿತ್ತು, ನನಗೆ ಗೊತ್ತು. ಕಬ್ಬಿಣದ ತುಂಡು ಹುಡುಕಿ ತಂದು ಮುಂದೆ ಬಿಗಿಯಲೋ ಬೇಡವೋ ಎಂದು ನೋಡುತ್ತಿದ್ದರು. ಈಗ ಆ ಕಬ್ಬಿಣ ಹಿತ್ತಲಲ್ಲಿ ಬಿದ್ದಿದೆ. ನಾನು ಅದರ ಮೇಲೆ ಅರಿವೆ ಒಣಗಿಸುತ್ತೇನೆ.

ಹತ್ತು ದಿಮ್ಮಿ ಮೇಲೆ ಬಂದಿವೆ. ಉಳಿದದ್ದು ಒಂದೇ, ಬುಡದ ದಿಮ್ಮಿ. ನಾನು ತಬ್ಬಿದರೆ ಅರ್ಧಕ್ಕೂ ಕೈ ಬರುವುದಿಲ್ಲ. ನೀರಿನ ಅಂಚಿಗೆ ಬಿದ್ದಿದೆ, ಅಲ್ಲಿಂದ ಏರು ಜಾಸ್ತಿ. ಮಾರ್ಚ್ ಐದು, ಸೋಮವಾರ ಎಳೆಯುತ್ತಾರೆ. ಮೇಲಿನ ಕಿವಿಗೇ ಕಟ್ಟುತ್ತೇನೆ ಎನ್ನುತ್ತಾರೆ. ನಾನು ಬೇಡವೆಂದರೆ, "ನಿಮ್ಮ ಅಬ್ಬಾಗ ನನ್ನ ಟ್ರ್ಯಾಕ್ಟರ್ ಮ್ಯಾಲ ಮೊದಲಿಂದ ಸಿಟ್ಟೈತಿ" ಎನ್ನುತ್ತಾರೆ.

ನನಗೆ ಅಂಜಿಕೆಯಾಗುತ್ತಿದೆ ಅಬ್ಬಾ. ಒಲೆಯ ಮುಂದೆ ಕೂರಲಾಗುವುದಿಲ್ಲ, ರೊಟ್ಟಿ ಹೊತ್ತಿಸುತ್ತೇನೆ, ಟ್ರ್ಯಾಕ್ಟರಿನ ಸದ್ದು ಕೇಳಿದರೆ ಬಾಗಿಲಿಗೆ ಓಡುತ್ತೇನೆ. ನಿಮಗೆ ಏನೋ ಗೊತ್ತಿದೆ. ಬರೆಯದೇ ಬಿಟ್ಟದ್ದು ಏನೋ ಇದೆ. ಅದನ್ನು ಬರೆಯಿರಿ.

ಮುಮ್ತಾಜ


ಬ್ಯಾಡಗಿ
26-2-1990

ಗೌಸ,

ಇದನ್ನು ಟಪಾಲಿಗೆ ಹಾಕದೆ ಕರಬಸಪ್ಪನ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಗೌಸನ ಕೈಗೇ ಕೊಡು, ಅವನು ಓದುವ ತನಕ ಅಲ್ಲೇ ನಿಲ್ಲು ಎಂದು ಅವನಿಗೆ ಹೇಳಿದ್ದೇನೆ.

ಡಾಕಪ್ಪನ ಸರಪಳಿ ಕಟ್ಟಿದವನು ನಾನು. ಮೂರು ಪೆಟ್ಟು ಹೊಡೆದವನೂ ನಾನು.

ಗೋದಾಮು ದೊಡ್ಡದು ಮಾಡಲು ಆ ಬೇವು ಕಡಿದಿದ್ದರು. ದಿಮ್ಮಿ ಎಳೆಯಲು ಡಾಕಪ್ಪನನ್ನು ಕರೆಸಿದ್ದರು. ಕಾವಲುಗಾರನಾದ ನನ್ನನ್ನು ಯಾರೂ ಕರೆದಿರಲಿಲ್ಲ. ಅವನು ಸರಪಳಿ ಹಿಡಿದು ತಡವರಿಸುವುದನ್ನು ನೋಡಿ ನನಗೆ ಕೈ ತುರಿಸಿತು. ಗೇಟು ಬಿಟ್ಟು ಹೋದೆ. ಎತ್ತಿಗೆ ಕಟ್ಟಿದಂತೆಯೇ ನೊಗದೆತ್ತರಕ್ಕೆ ಕಟ್ಟಿದೆ. ಅವನು ಸೀಟಿನಿಂದ ತಿರುಗಿ, "ಚಾಚಾ, ಭಾಳ ಮ್ಯಾಲ ಆತಲ್ರಿ?" ಎಂದು ಕೇಳಿದ. ಗೌಸ, ಅವನು ಕೇಳಿದ. ನಾನು ಏನೆಂದೆ ಗೊತ್ತೇ? "ನೀ ಹುಟ್ಟೂಕಿಂತ ಮೊದಲಿಂದ ಕಟ್ಟಾಕತ್ತೇನಿ, ನನಗ ಕಲಸ್ತಿಯೇನ?" ಎಂದೆ. ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ಆಮೇಲೆ ಮೂರು ಪೆಟ್ಟು ಹೊಡೆದೆ. ಅವನು ನಂಬಿ ಎಳೆದ.

ದಿಮ್ಮಿ ಬೇರಿಗೆ ಸಿಕ್ಕಿತು. ಗಾಲಿಗಳು ನನ್ನ ಎದೆಯೆತ್ತರ ಬಂದದ್ದನ್ನು ನೋಡಿದೆ. ಆಮೇಲೆ ನೋಡಲಿಲ್ಲ.

ಅವನ ಮೇಲಿನ ಟ್ರ್ಯಾಕ್ಟರ್ ಎತ್ತಲು ಸರಪಳಿ ಬಿಚ್ಚಿದವನೂ ನಾನೇ. ಹಾಗಾಗಿ ಅದು ಎಲ್ಲಿ ಕಟ್ಟಿತ್ತು ಎಂದು ಆಮೇಲೆ ಬಂದವರು ನೋಡಲಿಲ್ಲ. ಕಂಡವರು ಮರೆತರು, ಇಲ್ಲವೇ ಅದು ಮುಖ್ಯ ಎಂದು ಅವರಿಗೆ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಯಾರೋ ಕುಡಿದಿದ್ದ ಎಂದರು. ನಾನು ಅಲ್ಲ ಎನ್ನಲಿಲ್ಲ. ಕಾರ್ಡಿನಲ್ಲಿ ನಾನೂ ಅದನ್ನೇ ಬರೆದೆ. ಅವನು ತುಟಿಗೆ ಹಚ್ಚಿದವನಲ್ಲ. ಅವನ ಪಕ್ಕದಲ್ಲಿ ನಿಂತು ಕಟ್ಟಿದವನು ನಾನು, ಅವನ ಉಸಿರಿನಲ್ಲಿ ಎಲೆಯಡಿಕೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಅದೇ ಕೈ ನಿನಗೂ ಕಲಿಸಿದೆ. ಅದಕ್ಕೇ ಕೂತಲ್ಲಿ ಕೂರಲಾಗುತ್ತಿಲ್ಲ. ಟ್ರ್ಯಾಕ್ಟರಿನ ಮೇಲೆ ನನಗೆ ಸಿಟ್ಟಿದೆ, ಖರೆ. ಆದರೆ ನನ್ನ ಮೇಲಿರುವಷ್ಟು ಇಲ್ಲ.

ಸೋಮವಾರ ಎಳೆಯಬೇಡ.

ಮಕ್ತುಮಸಾಬ


ರಾಣೆಬೆನ್ನೂರು
2-3-1990

ಮಾಮಾ ಅವರಿಗೆ ಗೌಸ ಮಾಡುವ ಸಲಾಂ.

ನಿಮಗೆ ಇದು ನನ್ನ ಮೊದಲ ಪತ್ರ. ನನಗೆ ನಿಮ್ಮಷ್ಟು ಚಂದ ಬರೆಯಲು ಬರುವುದಿಲ್ಲ.

ಲಾರಿಯವನ ಎದುರಿಗೇ ಓದಿದೆ. ಓದಿ ಹಿತ್ತಲಿಗೆ ಹೋಗಿ ಆ ಕಬ್ಬಿಣದ ಮೇಲೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಮುಮ್ತಾಜ ಬಂದು ಚಹಾ ಕೊಟ್ಟಳು. ಅವಳೂ ಓದಿದಳು. ಅತ್ತಳು. ನಿಮಗಾಗಿ ಅತ್ತಳೋ ಡಾಕಪ್ಪನಿಗಾಗಿ ಅತ್ತಳೋ ನಾನು ಕೇಳಲಿಲ್ಲ.

ನಿನ್ನೆ ಗ್ಯಾರೇಜಿಗೆ ಹೋಗಿ ಮೇಲಿನ ಕಿವಿಯನ್ನು ಗ್ಯಾಸಿನಿಂದ ಕಟ್ ಮಾಡಿಸಿದೆ. ಇನ್ನು ಮನಸ್ಸಾದರೂ ಮೇಲೆ ಕಟ್ಟಲಾಗುವುದಿಲ್ಲ. ಮುಂದೆ ಕಬ್ಬಿಣ ಬಿಗಿದಿದ್ದೇನೆ. ತಗಡು ಸಿಕ್ಕಿದೆ. ಸೋಮವಾರ ಎಳೆಯುವುದಿಲ್ಲ.

ಆದರೆ ಬುಡದ ದಿಮ್ಮಿ ತರಲೇಬೇಕು. ಮೂತಿ ದುಂಡಗೆ ಮಾಡುವುದು, ತಗಡು ಕೂರಿಸುವುದು, ಆ ಏರು ನೋಡಿ ದಾರಿ ಹಿಡಿಯುವುದು ನನ್ನೊಬ್ಬನಿಂದ ಆಗುವುದಿಲ್ಲ. ಕಟ್ಟಿದವನು ಕೆಳಗೆ ನಿಂತು ನೋಡಬೇಕು, ಓಡಿಸುವವನು ಮುಂದೆ ನೋಡಬೇಕು. ನೀವು ಬಂದು ಕಟ್ಟಿರಿ. ಮೂರು ಪೆಟ್ಟು ನೀವೇ ಹೊಡೆಯಿರಿ. ನಾನು ಎಳೆಯುತ್ತೇನೆ.

ಒಂದು ಮಾತು ಇದೆ. ದೊಡ್ಡವರಿಗೆ ಹೇಳಬಾರದು, ಆದರೂ ಹೇಳುತ್ತೇನೆ. ಮೊದಲು ಮಂಗಳವ್ವನಿಗೆ ಹೇಳಿ ಬನ್ನಿ. ಹೇಳದೆ ಬಂದರೆ ನೀವು ಹೊಡೆದ ಪೆಟ್ಟಿಗೆ ನಾನು ಗಾಡಿ ಬಿಡುವುದಿಲ್ಲ.

ನಿಮ್ಮ
ಗೌಸ


ಬ್ಯಾಡಗಿ
12-3-1990

ಮುಮ್ತಾಜಳಿಗೆ ದುಆ.

ಹತ್ತು ದಿನ ಬೇಕಾಯಿತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಗೇಟು ತೆಗೆಯುತ್ತಿದ್ದೆ, ಮಂಗಳವ್ವ "ಆರಾಮ ಅದೀರೇನ್ರಿ ಚಾಚಾ?" ಎನ್ನುತ್ತಿದ್ದಳು, ನನ್ನ ಬಾಯಿಂದ ಹೂಂ ಬಿದ್ದು ಹೋಗುತ್ತಿತ್ತು. ನಿನ್ನ ಅಮ್ಮ ಬುತ್ತಿ ಕಟ್ಟಿಕೊಡುವುದನ್ನು ನಿಲ್ಲಿಸಿದಳು. "ಹೇಳಿ ಬರ್ರಿ, ಆಮ್ಯಾಲ ಉಣ್ರಿ" ಎಂದಳು. ಅವಳಿಗೂ ಮೊನ್ನೆಯೇ ಹೇಳಿದ್ದು.

ಇವತ್ತು ಹೋದೆ. ಇಪ್ಪತ್ತು ಮಂದಿ ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಮಂಗಳವ್ವನನ್ನು ಹೊರಗೆ ಬಾ ಎಂದೆ. "ಕೈ ತುಂಬ ಖಾರ ಐತ್ರಿ, ಇಲ್ಲೇ ಹೇಳ್ರಿ" ಎಂದಳು. ಹಾಗಾಗಿ ಅಲ್ಲೇ, ಎಲ್ಲರ ಮುಂದೆ ಹೇಳಿದೆ. ಅವನು ಕೇಳಿದ್ದನ್ನೂ, ನಾನು ಗದರಿದ್ದನ್ನೂ, ಜನ ನಕ್ಕಿದ್ದನ್ನೂ ಬಿಡದೆ ಹೇಳಿದೆ.

ಹೇಳಿ ಮುಗಿಸಿದರೂ ಅವಳ ಕೈ ನಿಲ್ಲಲಿಲ್ಲ. ಒಂದು ಕಾಯಿ, ಇನ್ನೊಂದು ಕಾಯಿ. ಉಳಿದ ಹೆಂಗಸರ ಕೈ ನಿಂತಿತ್ತು. ಆಮೇಲೆ ಹೇಳಿದಳು. "ಅವರು ಕುಡೀತಿದ್ದಿಲ್ಲ ಅಂತ ಐದು ತಿಂಗಳಿಂದ ಹೇಳಾಕತ್ತೇನಿ. ನಮ್ಮ ಅತ್ತಿ ಸೈತ ನಂಬಲಿಲ್ಲ. ನೀವು ದಿನಾ ಗೇಟ್ ತಗದ್ರಿ. ನಾ ದಿನಾ ಆರಾಮ ಅದೀರೇನ್ರಿ ಅಂದೆ."

ನಾನು ರಾಶಿಯ ಪಕ್ಕ ಕೂತೆ. "ಎಲ್ಲಿ ಕಟ್ಟಬೇಕಿತ್ರಿ ಅದನ್ನ?" ಎಂದು ಕೇಳಿದಳು. ಎದ್ದು ನಿಂತು ತೋರಿಸಿದೆ. ಕಟ್ಟಿದ್ದು ಇಲ್ಲಿ ಎಂದು ಸೊಂಟ ಮುಟ್ಟಿದೆ, ಕಟ್ಟಬೇಕಾದದ್ದು ಇಲ್ಲಿ ಎಂದು ಮೊಣಕಾಲು ಮುಟ್ಟಿದೆ. ಅವಳು ನನ್ನ ಎರಡು ಕೈಗಳ ನಡುವಿನ ಅಂತರವನ್ನು ನೋಡುತ್ತ ಕೂತಳು.

"ಇಷ್ಟ ಏನ್ರಿ?" ಎಂದಳು.

"ಇಷ್ಟ, ತಂಗಿ" ಎಂದೆ.

ಆಗ ಅತ್ತಳು. ಕೈ ಖಾರವಿತ್ತು, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಪಕ್ಕದಲ್ಲಿದ್ದ ಮರಿಯವ್ವ ತನ್ನ ಸೆರಗಿನಿಂದ ಒರೆಸಿದಳು. ನನ್ನ ಅಳಿಯನ ದಿಮ್ಮಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಮಾಫಿ ಎನ್ನಲಿಲ್ಲ, ನಾನೂ ಕೇಳಲಿಲ್ಲ. "ಹೋಗ್ರಿ, ಕಟ್ಟಿ ಕೊಡ್ರಿ. ದಿಮ್ಮಿ ದಂಡಿ ಹತ್ತಿದ ಮ್ಯಾಲ ನನಗೊಂದು ಕಾರ್ಡ್ ಹಾಕ್ರಿ. ಹೆಂಗ ಕಟ್ಟಿದ್ರಿ ಅಂತ ಬರೀರಿ" ಎಂದಳು.

ಸಂಜೆ ಗೇಟು ದಾಟುವಾಗ ನನ್ನ ಕಡೆ ನೋಡಲಿಲ್ಲ. ಅದು ಸರಿಯೇ.

ರಜೆ ಕೇಳಿದ್ದೇನೆ. ಬರುತ್ತೇನೆ. ನನ್ನ ಹಳೆಯ ಬಾಚಿಯನ್ನು ತರುತ್ತೇನೆ.

ಅಬ್ಬಾ


ಗಳಗನಾಥ
21-3-1990

ತಂಗಿ ಮಂಗಳವ್ವನಿಗೆ ಮಕ್ತುಮಸಾಬನ ನಮಸ್ಕಾರ.

ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತು. ಓದಿ ಹೇಳುವವರು ರಾಶಿಯ ಹತ್ತಿರವೇ ನಿಂತು ಗಟ್ಟಿಯಾಗಿ ಓದಲಿ.

ದಿಮ್ಮಿ ಇವತ್ತು ಮೇಲೆ ಬಂತು. ಮೊಣಕಾಲೆತ್ತರದ ಪಟ್ಟಿಗೆ ಕಟ್ಟಿದೆ. ಒಂದು ಸಲ ಕಟ್ಟಿ ಬಿಚ್ಚಿದೆ, ಮತ್ತೆ ಕಟ್ಟಿದೆ. ಎರಡು ಪೆಟ್ಟು ಹೊಡೆದೆ, ಮೂರನೆಯದಕ್ಕೆ ಕೈ ಏಳಲಿಲ್ಲ. ಅಳಿಯ ಎಂಜಿನ್ ಬಂದ್ ಮಾಡಿ ಕಾಯ್ದ. ಬೇಗ ಎನ್ನಲಿಲ್ಲ. ಕೆಳಗೆ ಬಗ್ಗಿ ಸರಪಳಿಯನ್ನು ಇನ್ನೊಮ್ಮೆ ನೋಡಿ ಬಂದು, ಆಮೇಲೆ ಹೊಡೆದೆ. ಏರಿನಲ್ಲಿ ದಿಮ್ಮಿ ಎರಡು ಕಡೆ ತಡೆಯಿತು. ಎರಡು ಸಲವೂ ಮುಂದಿನ ಗಾಲಿಗಳು ನೆಲ ಬಿಡಲಿಲ್ಲ.

ಇದನ್ನು ಇನ್‌ಲ್ಯಾಂಡಿನಲ್ಲಿ ಅಂಟಿಸಿ ಕಳಿಸಬಹುದಿತ್ತು. ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಟಪಾಲಿನವನು ಓದಲಿ, ನಿನ್ನ ಅತ್ತೆಗೆ ಓದಿ ಹೇಳಲಿ, ಯಾರ್ಡಿನವರೆಲ್ಲ ಓದಲಿ. ನಿನ್ನ ಗಂಡ ಡಾಕಪ್ಪ ಅವತ್ತು ಕುಡಿದಿರಲಿಲ್ಲ. ಸರಪಳಿ ಮೇಲಾಯಿತು ಎಂದು ಅವನು ಹೇಳಿದ್ದ. ಅವನು ಹೇಳಿದ್ದು ಸರಿ ಇತ್ತು. ತಪ್ಪು ಕಟ್ಟಿದವನು ನಾನು.

ಮಕ್ತುಮಸಾಬ
ಗೋದಾಮಿನ ಗೇಟಿನವ